ಮೂಲೆಯ ಐದು ಅಡಿ

ನಮ್ಮ ಸಂಘದ ಸ್ಮರಣ ಸಂಚಿಕೆಗೆ ಇತಿಹಾಸ ಬರೆದುಕೊಡು ಎಂದು ಮಲ್ಲು ಕಾಕಾನ ಮಗಳು ಸುಧಾ ಬೆನ್ನು ಹತ್ತಿ ಒಂದು ತಿಂಗಳಾಯಿತು. ಜೋರಾಪುರ ಪೇಟೆಯ ಹುಡುಗಿಯರಿಗೆ ಈಗ ಕಬಡ್ಡಿ ಕಲಿಸುವವಳು ಅವಳೇ. ಅವಳಿಗೆ ಬೇಕಾದದ್ದು ಯಾವ ಊರಿನಲ್ಲಿ ಯಾವ ಕಪ್ ಗೆದ್ದೆವು ಎನ್ನುವ ಪಟ್ಟಿ. ಅದನ್ನು ಆ ಕಪ್‌ಗಳ ಮೇಲೆಯೇ ಕೊರೆದಿದ್ದಾರೆ, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಓದಲಿಕ್ಕೆ ಬರುತ್ತದೆ. ನನಗೆ ಗೊತ್ತಿರುವ ಇತಿಹಾಸ ಬೇರೆ. ಅದು ನಮ್ಮ ಅಡುಗೆಮನೆಯ ನೆಲದ ಮೇಲೆ ಏಳು ಜನ ಊಟಕ್ಕೆ ಕೂಡುತ್ತಿದ್ದ ರೀತಿಯಿಂದ ಸುರುವಾಗಿ, ಹಿತ್ತಲ ಬಲಮೂಲೆಯ ಐದು ಅಡಿ ನೆಲಕ್ಕೆ ಹೋಗಿ ನಿಲ್ಲುತ್ತದೆ. ಸಂಚಿಕೆಯಲ್ಲಿ ಅದಕ್ಕೆ ಜಾಗ ಸಿಗಲಿಕ್ಕಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬೀದಿಗೆ ಹತ್ತಿ ಪಡಸಾಲೆ. ಅದರ ಗೋಡೆಗೆ ಹಲಗೆ ಬಡಿದು ಸಂಘದ ಕಪ್‌ಗಳನ್ನು ಸಾಲಾಗಿ ಇಟ್ಟಿದ್ದರು. ಕೆಳಗೆ ಅಪ್ಪನ ತಮ್ಮ ಮಲ್ಲು ಕಾಕಾನ ಹಾಸಿಗೆ. ಅಲ್ಲಿಂದ ಒಳಗೆ ನಡುಮನೆ, ಜೋಳದ ಕಣಜಗಳು, ಅವುಗಳ ನಡುವೆ ಆಯಿಯ ಮಂಚ. ಆಯಿ ಅಂದರೆ ಅಪ್ಪನ ತಾಯಿ. ನಡುಮನೆಯ ಎಡಕ್ಕೆ ಒಂದೇ ಒಂದು ಖೋಲಿ, ಅಪ್ಪ ಅವ್ವ ನಾನು ಮಲಗುವುದು ಅಲ್ಲಿ. ಹಿಂದೆ ಅಡುಗೆಮನೆ, ಅದರ ಬಾಗಿಲು ದಾಟಿದರೆ ಹಿತ್ತಲು. ಅಜ್ಜನ ಕಾಲದಲ್ಲಿ ಅಲ್ಲಿ ಎತ್ತುಗಳನ್ನು ಕಟ್ಟುತ್ತಿದ್ದರಂತೆ. ಎತ್ತು ಮಾರಿದ ಮೇಲೆ ಖಾಲಿ ಬಿದ್ದ ಜಾಗದಲ್ಲಿ ಓಣಿಯ ಹುಡುಗರು ಹುತುತು, ಅಂದರೆ ಕಬಡ್ಡಿ, ಆಡಲು ಬಂದರು. ಅಜ್ಜ ಬೈಯುವುದು ಬಿಟ್ಟು ಗೂಟ ಕಿತ್ತು, ಹೆಜ್ಜೆ ಅಳೆದು ಅಂಕಣ ಮಾಡಿಕೊಟ್ಟ. ಸಂಘ ಹುಟ್ಟಿದ್ದು ಹಾಗೆ. ಅಂಕಣ ಆ ಹಿತ್ತಲಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂತಿತ್ತು. ನಾಲ್ಕೂ ಕಡೆ ಗೋಡೆಗೂ ಗೆರೆಗೂ ನಡುವೆ ಮೂರು ಹೆಜ್ಜೆ ಜಾಗ ಬಿಟ್ಟರೆ ಹೆಚ್ಚಿನದೇನೂ ಇರಲಿಲ್ಲ.

ಆ ನೆಲವನ್ನು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಬೇಕಾಗುತ್ತಿತ್ತು. ನಮ್ಮದು ಎರೆಮಣ್ಣಿನ ಸೀಮೆ, ಬೇಸಿಗೆಯಲ್ಲಿ ಅಂಗೈ ಅಗಲ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಕಾಲು ಸಿಕ್ಕರೆ ಆಟಗಾರನ ಕಥೆ ಮುಗಿಯಿತು. ಹಾಗಾಗಿ ತಿಕೋಟಾ ಕಡೆಯಿಂದ ಕೆಂಪು ಮಸಾರಿ ಮಣ್ಣು ತರಿಸಿ, ಜರಡಿ ಹಿಡಿದು, ಮೊಣಕಾಲುದ್ದ ಹಾಸಿ, ದಿನಾ ಸಂಜೆ ನೀರು ಹೊಡೆದು, ಎಲ್ಲರೂ ಸಾಲಾಗಿ ನಿಂತು ತುಳಿಯುತ್ತಿದ್ದರು. ಹೆಂಗಸರು ಪಂದ್ಯ ನೋಡಲು ಹೋಗುವ ರೂಢಿ ಇರಲಿಲ್ಲ, ಆದರೆ ನೆಲ ತುಳಿಯಲು ಇತ್ತು. ಅವ್ವ ಸೀರೆ ಮೇಲೆ ಕಟ್ಟಿ ತುಳಿದು, ಮುಂಜಾನೆ ಎದ್ದು ಅದನ್ನು ನಮ್ಮ ಅಂಗಳದಂತೆಯೇ ಗುಡಿಸುತ್ತಿದ್ದಳು.

ಪಂದ್ಯದ ದಿನ ಏಳೂ ಜನ ನಮ್ಮ ಅಡುಗೆಮನೆಯಲ್ಲಿ ಉಂಡು ಹೋಗಬೇಕು. ಇದು ಅಜ್ಜ ಹಾಕಿಕೊಟ್ಟ ಪದ್ಧತಿ. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಉಣ್ಣಲು ಕೂಡುವುದಕ್ಕೂ ಒಂದು ಕ್ರಮವಿತ್ತು. ಅಂಕಣದಲ್ಲಿ ಎದುರಾಳಿಯನ್ನು ಸುತ್ತುವರಿಯಲು ಹೇಗೆ ನಿಲ್ಲುತ್ತಾರೋ ಹಾಗೆಯೇ, ಅರ್ಧಚಂದ್ರದ ಹಾಗೆ ಬಾಗಿಲಿಂದ ಗೋಡೆಯವರೆಗೆ ಕೂಡುತ್ತಿದ್ದರು. ಎಡಮೂಲೆಯವನು ಬಾಗಿಲ ಬಳಿ, ನಡುವಿನವರು ಒಲೆಗೆ ಎದುರಾಗಿ, ಬಲಮೂಲೆಯವನು ದೀಪದ ಮಾಡದ ಕೆಳಗೆ, ಗೋಡೆಗೆ ಬೆನ್ನು ಹಚ್ಚಿ. ಒಲೆಯ ಮುಂದೆ ಕೂತ ಅವ್ವ ಒಬ್ಬಳೇ ಎದುರಾಳಿ. ಆಟದ ಒಂದು ಶಬ್ದವೂ ಅವಳಿಗೆ ಗೊತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ಎಡಮೂಲೆ ಅಂದರೆ ಖಾರ ಒಲ್ಲೆ ಎನ್ನುವವನು, ನಡುವಿನವನು ಅಂದರೆ ಮೊಸರು ಮೂರು ಸಲ ಕೇಳುವವನು, ಬಲಮೂಲೆ ಅಂದರೆ ರೊಟ್ಟಿ ಎಣಿಸದೆ ತಿನ್ನುವ ಟಾಂಗಾ ಬಸಪ್ಪ.

ಬಸಪ್ಪನ ಬಗ್ಗೆ ಎರಡು ಮಾತು. ಸ್ಟೇಶನ್ನಿನಿಂದ ಗೋಳಗುಮ್ಮಟಕ್ಕೆ ಟಾಂಗಾ ಹೊಡೆಯುತ್ತಿದ್ದ ಆಳು. ಕುದುರೆಗೆ ನಾಲ ಬಡಿಸುವಾಗ ಕಾಲು ಹಿಡಿದು ಹಿಡಿದು ಅವನ ಕೈ ಇಕ್ಕಳದಂತಾಗಿತ್ತು. ಎದುರಾಳಿಯ ಹಿಮ್ಮಡಿ ಒಮ್ಮೆ ಅವನ ಕೈಗೆ ಸಿಕ್ಕರೆ ಬಿಡಿಸಿಕೊಂಡವರಿಲ್ಲ. ನುಗ್ಗಿ ಮುಟ್ಟಿ ಬರುವುದಕ್ಕೆ ಮಲ್ಲು ಕಾಕಾ, ಹಿಡಿಯುವುದಕ್ಕೆ ಬಸಪ್ಪ, ಬೈಯುವುದಕ್ಕೆ ಅಪ್ಪ. ಸಂಘ ನಿಂತದ್ದು ಈ ಮೂವರ ಮೇಲೆ. ಸೋತು ಬಂದರೆ ಅಂಗಿ ತಾವೇ ಒಗೆದುಕೊಳ್ಳಬೇಕು, ಗೆದ್ದು ಬಂದರೆ ಅವ್ವ ಒಗೆಯುತ್ತಾಳೆ ಎಂಬ ಇನ್ನೊಂದು ಪದ್ಧತಿಯೂ ಇತ್ತು. ಅವ್ವ ಒಗೆದದ್ದೇ ಹೆಚ್ಚು.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ಕಾಕಾನಿಗೆ ಕನಮಡಿಯ ಹೆಣ್ಣು ಗೊತ್ತಾಯಿತು. ಹೆಸರು ಕಸ್ತೂರಿ. ಎಲ್ಲ ಮಾತು ಕೂಡಿಬಂದು, ಸಕ್ಕರೆ ಹಂಚುವ ಹೊತ್ತಿಗೆ ಹೆಣ್ಣಿನ ಅಪ್ಪ ತಲೆಯ ಪಟಕಾ ಸರಿಮಾಡಿಕೊಂಡು ಒಂದೇ ಮಾತು ಹೇಳಿದರು:

“ನೋಡ್ರಿ, ಬಂಗಾರ ಕೇಳಾಂಗಿಲ್ಲ, ಏನೂ ಕೇಳಾಂಗಿಲ್ಲ. ಆದ್ರ ಬ್ಯಾರೆ ಖೋಲಿ ಇಲ್ಲದ ಮನಿಗೆ ನಾ ಮಗಳ ಕೊಡಾಂಗಿಲ್ಲ.”

ನ್ಯಾಯದ ಮಾತೇ. ಮದುಮಗಳು ಪಡಸಾಲೆಯಲ್ಲಿ ಕಪ್‌ಗಳ ಕೆಳಗೆ ಮಲಗಲಿಕ್ಕಾಗುತ್ತದೆಯೆ? ಮಾಳಿಗೆಯ ಮೇಲೆ ಕಟ್ಟೋಣವೆಂದರೆ ಹಳೆಯ ಮಣ್ಣುಗೋಡೆ ತಾಳುವುದಿಲ್ಲ ಎಂದು ಗೌಂಡಿ ಬಡಿದು ನೋಡಿ ಹೇಳಿದ. ಉಳಿದದ್ದು ಹಿತ್ತಲು. ಹತ್ತು ಅಡಿಯ ಖೋಲಿ. ಗೋಡೆಯ ಕಡೆ ಎಷ್ಟೇ ಸರಿಸಿದರೂ ಬಲಮೂಲೆಯಲ್ಲಿ ಅಂಕಣದೊಳಗೆ ಐದು ಅಡಿ ಬಂದೇ ಬರುತ್ತದೆ. ಆ ಐದು ಅಡಿಗೆ ನಮ್ಮ ಮನೆಯಲ್ಲಿ ಎಂಟು ದಿನ ಯಾರೂ ನೆಟ್ಟಗೆ ಉಣ್ಣಲಿಲ್ಲ.

“ಅಪ್ಪ ಹಾಕಿದ ಗೆರಿ ಅದು. ಅದರಾಗ ಕಲ್ಲ ಇಡಾಕ ನಾ ಕೊಡಾಂಗಿಲ್ಲ,” ಎಂದು ಅಪ್ಪ.

“ನನಗ ಮದುವಿ ಬ್ಯಾಡನು ಹಂಗಾರ? ನಿನಗ ಹೇಂತಿ ಅದಾಳ, ಖೋಲಿ ಐತಿ, ಮಗಳ ಅದಾಳ. ನಾ ಸಾಯೂತನಕ ಕಪ್ಪಿನ ಧೂಳ ಝಾಡಸ್ಕೋತ ಇರಲೇನು?” ಎಂದು ಕಾಕಾ.

“ಧೂಳ ಯಾವಾಗ ಝಾಡಿಸಿದ್ಯೋ ನೀ? ದಿನಾ ಝಾಡಸಾಕಿ ಅಕಿ,” ಎಂದು ನಡುವೆ ಆಯಿ, ಅವ್ವನತ್ತ ಕೈ ತೋರಿಸಿ.

ಜಾಗ ಆಯಿಯ ಹೆಸರಿನಲ್ಲಿತ್ತು. ಅವಳಿಗೆ ಸಣ್ಣ ಮಗನ ಮದುವೆಯೂ ಬೇಕು, ಗಂಡ ಹಾಕಿದ ಗೆರೆಯೂ ಬೇಕು. ಕೊನೆಗೆ ಎಲ್ಲರೂ ನಮ್ಮ ಕಡೆ ಹೇಗೆ ಮಾಡುತ್ತಾರೋ ಹಾಗೆ ಮಾಡಿದರು. ಸಂಭಾಳಿಸಿಕೊಂಡು ಹೋಗೋಣ ಅಂದರು. ಮೂಲೆ ಒಂದಿಷ್ಟು ಹೋದರೆ ಏನಾಯಿತು, ಪಂದ್ಯ ನಡೆಯುವುದು ಬೇರೆ ಊರಲ್ಲಿ, ಇಲ್ಲಿ ಬರೀ ತಾಲೀಮು ತಾನೆ, ಇದ್ದಷ್ಟರಲ್ಲಿ ಆಡಿದರಾಯಿತು. ಆಟಗಾರರೂ ಗೋಣು ಹಾಕಿದರು. ಮಲ್ಲೂನ ಮದುವೆಗೆ ಅಡ್ಡ ಬರಲು ಯಾರಿಗೂ ಮನಸ್ಸಿರಲಿಲ್ಲ. ಎರಡು ದಿನದಲ್ಲಿ ಗೌಂಡಿ ಬಂದು ಸೊಂಟದುದ್ದ ಪಾಯಾ ತೋಡಿದ. ತಿಕೋಟಾದ ಕೆಂಪು ಮಣ್ಣಿನ ಕೆಳಗಿನ ಕರಿ ಎರೆಮಣ್ಣು ಮೇಲೆ ಬಂದು ಗುಡ್ಡೆಯಾಯಿತು. ಕಲ್ಲು ಬಂದು ಬೀಳಲು ಇನ್ನೂ ತಿಂಗಳಿತ್ತು, ಅಷ್ಟರಲ್ಲಿ ಬಬಲೇಶ್ವರದ ಪಂದ್ಯ.

ಆ ತಿಂಗಳಿಡೀ ಅವರು ಮೂಲೆಯಿಲ್ಲದ ಅಂಕಣದಲ್ಲಿ ಆಡಿದರು. ಮೊದಲ ವಾರ ಬಸಪ್ಪ ಹಿಂದೆ ಸರಿಯುವಾಗ ಎರಡು ಸಲ ಪಾಯಾದೊಳಗೆ ಬಿದ್ದ. ಎಲ್ಲರೂ ನಕ್ಕರು. ಎರಡನೆಯ ಸಲ ಮೊಣಕೈ ಕೆತ್ತಿತು, ಅವ್ವ ಅರಿಷಿಣ ಒತ್ತಿದಳು. ಮೂರನೆಯ ಸಲ ಅವನು ಬೀಳಲಿಲ್ಲ. ಜಾಣನಾದ ಎಂದುಕೊಂಡರು.

ಪಂದ್ಯದ ದಿನ ಬೆಳಗ್ಗೆ ಊಟಕ್ಕೆ ಕೂತಾಗ ಅದನ್ನು ಗಮನಿಸಿದವಳು ಅವ್ವ ಒಬ್ಬಳೇ. ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕೇಳಿದಳು:

“ಬಸಪ್ಪ, ಗ್ವಾಡಿ ಬಿಟ್ಟು ಈಚಿಕಡೆ ಯಾಕ ಕುಂತಿ?”

ಬಸಪ್ಪ ಹಿಂದೆ ತಿರುಗಿ ನೋಡಿದ. ಅವನಿಗೂ ಗೋಡೆಗೂ ನಡುವೆ ಒಂದು ಹಾಸಿಗೆ ಹಾಸುವಷ್ಟು ಜಾಗ ಖಾಲಿ ಇತ್ತು.

“ಗೊತ್ತಾಗಲಿಲ್ರಿ ಅಕ್ಕಾರ. ಹಿಂಗ ಕುಂತೆ,” ಎಂದು ನಕ್ಕ, ಆದರೆ ಸರಿಯಲಿಲ್ಲ. ಕೈಯಲ್ಲಿ ರೊಟ್ಟಿ ಇತ್ತು.

ಅವ್ವ ಅಪ್ಪನ ಕಡೆ ತಿರುಗಿ ಸಣ್ಣ ದನಿಯಲ್ಲಿ, “ರೀ, ಮೂಲಿ ಖಾಲಿ ಐತಿ,” ಎಂದಳು. ಅಪ್ಪನಿಗೆ ಬಸ್ಸಿನ ಗಡಿಬಿಡಿ. “ನೀ ರೊಟ್ಟಿ ಬಡಿ,” ಎಂದು ಎದ್ದ. ಆ ಮಾತು ಮುಂದೆ ಎಷ್ಟು ವರ್ಷ ಅವನ ಕೊರಳಿಗೆ ಜೋತುಬಿದ್ದಿತ್ತು ಎಂಬುದು ನನಗೊಬ್ಬಳಿಗೆ ಗೊತ್ತು.

ಬಬಲೇಶ್ವರಕ್ಕೆ ನಾನೂ ಹೋಗಿದ್ದೆ, ಅಂಗಿಗಳ ಚೀಲ ಕಾಯುವ ಕೆಲಸಕ್ಕೆ. ಚೀಲದ ಮೇಲೆಯೇ ಕೂತು, ಅಂಕಣದ ಬಲಮೂಲೆಯ ಪಕ್ಕದಿಂದ ಎಲ್ಲವನ್ನೂ ನೋಡಿದೆ. ಎದುರಿನವರು ಕೃಷ್ಣಾ ನದಿಯ ಕಡೆಯವರು. ಅವರಲ್ಲೊಬ್ಬ ಸಪೂರ ಆಳು, ಸರಗೋಲಿನಂಥ ಉದ್ದ ಕಾಲು. ಮೊದಲ ಎರಡು ಸಲ ಬಂದು ಸುಮ್ಮನೆ ನೋಡಿಕೊಂಡು ಹೋದ. ಮೂರನೆಯ ಸಲ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ನಡುವಿನವರ ಕಡೆ ಹೆಜ್ಜೆ ಇಟ್ಟಂತೆ ಮಾಡಿ, ತಟ್ಟನೆ ಗೆರೆಯ ಗುಂಟ ಓಡಿ ಬಸಪ್ಪನ ಬೆನ್ನ ಹಿಂದೆ ನುಗ್ಗಿದ. ಬಸಪ್ಪ ತಿರುಗುವುದರೊಳಗೆ ಬೆನ್ನು ಮುಟ್ಟಿ, ಅದೇ ದಾರಿಯಲ್ಲಿ ವಾಪಸು ಹೋಗಿಬಿಟ್ಟ. ನಮ್ಮ ಬಸಪ್ಪನ ಬೆನ್ನ ಹಿಂದೆ ಅದುವರೆಗೆ ಒಂದು ನಾಯಿಯೂ ಹಾದಿರಲಿಲ್ಲ.

“ಬಸ್ಯಾ, ಹಿಂದ ಸರಿ! ಗೆರಿಗೆ ಹತ್ತಿ ನಿಂದ್ರಲೇ!” ಎಂದು ಅಪ್ಪ ಗೆರೆಯಾಚೆಯಿಂದ ಕೂಗಿದ.

ಮತ್ತೆ ಒಳಗೆ ಬಂದ ಬಸಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಎದುರಾಳಿ ಬಂದೊಡನೆ ಕಾಲು ತಾವಾಗಿ ಮುಂದೆ ಬಂದವು. ಅಪ್ಪ ಕೂಗುತ್ತಾನೆ, ಅವನು ಸರಿಯುತ್ತಾನೆ, ಕಾಲು ಮತ್ತೆ ಒಳಗೆ ಬರುತ್ತವೆ. ಪಾಯಾಕ್ಕೆ ಎರಡು ಸಲ ಬಿದ್ದ ಕಾಲು. ಹಿಂದೆ ತೆಗ್ಗಿದೆ ಎಂದು ಅವು ಕಲಿತುಬಿಟ್ಟಿದ್ದವು, ಬಬಲೇಶ್ವರದಲ್ಲಿ ತೆಗ್ಗಿಲ್ಲ ಎಂದು ಅವಕ್ಕೆ ಹೇಳುವವರು ಯಾರು? ಆ ಸಪೂರ ಆಳು ಮತ್ತೆ ಮತ್ತೆ ಅದೇ ಮೂಲೆಗೆ ಬಂದ. ಅಷ್ಟರಲ್ಲಿ ಮಲ್ಲು ಕಾಕಾ ಔಟಾಗಿ ನನ್ನ ಚೀಲದ ಪಕ್ಕ ಬಂದು ಕೂತಿದ್ದ. ಮೈಯೆಲ್ಲ ಮಣ್ಣು. ಮೂಲೆಯನ್ನೇ ದಿಟ್ಟಿಸುತ್ತಿದ್ದ. ಅಪ್ಪ ಹತ್ತಿರ ಬಂದಾಗ ಅವನ ಧೋತರದ ಅಂಚು ಹಿಡಿದು ಜಗ್ಗಿದ.

“ಅಣ್ಣಾ, ಅವ ನನ್ನ ಖೋಲ್ಯಾಗಿಂದ ಹಾದು ಹೊಂಟಾನೋ.”

ಅಪ್ಪ ಅತ್ತ ತಿರುಗಿದ. ನಾನೂ ಮೂಲೆಯತ್ತ ನೋಡಿದೆ. ಕಾಕಾ ಹೇಳಿದ ಮೇಲೆ ನನಗೂ ಕಾಣಿಸಿತು. ಗೌಂಡಿ ಹಾಕಿದ ಸುಣ್ಣದ ಗೆರೆ, ಬಾಗಿಲು ಬರುವ ಜಾಗ, ಕಿಡಕಿ ಬರುವ ಜಾಗ. ಆ ಆಳು ಬಾಗಿಲಿಂದ ಒಳಗೆ ಬಂದು, ಬಸಪ್ಪನನ್ನು ಮುಟ್ಟಿ, ಬಾಗಿಲಿಂದಲೇ ಹೊರಗೆ ಹೋಗುತ್ತಿದ್ದ. ಆ ಸಲ ಮೊದಲನೆಯ ಸುತ್ತಿನಲ್ಲೇ ಸೋತೆವು.

ಸೂರ್ಯ ಮುಳುಗುವುದರೊಳಗೆ ಮನೆಗೆ ಬಂದೆವು. ಸೋತ ದಿನದ ಪದ್ಧತಿಯಂತೆ ಎಲ್ಲರೂ ಅಂಗಿ ಬಿಚ್ಚಿ ನೀರಿನ ತೊಟ್ಟಿಯ ಬಳಿ ಹೋದರೆ, ಕಾಕಾ ಯಾರಿಗೂ ಒಗೆಯಲು ಕೊಡಲಿಲ್ಲ. ಏಳೂ ಅಂಗಿ ತಾನೇ ಕಲ್ಲಿಗೆ ಹಾಕಿದ. ಬಸಪ್ಪ ತನ್ನದನ್ನು ಕಸಿದುಕೊಳ್ಳಲು ನೋಡಿದಾಗ, “ನಿನ್ನ ತಪ್ಪಲ್ಲಲೇ, ಬಿಡು,” ಎಂದು ದಬ್ಬಿದ. ಅವ್ವ ಒಂದು ತಂಬಿಗೆ ನೀರು ಹಿಡಿದು ಹೋಗಿ ಪಕ್ಕದಲ್ಲಿ ನಿಂತಳು. ಕಾಕಾನ ಒಂಬತ್ತನೆಯ ವರ್ಷಕ್ಕೆ ಅವಳು ಈ ಮನೆಗೆ ಸೊಸೆಯಾಗಿ ಬಂದವಳು, ಅವನ ತಲೆಗೆ ಎಣ್ಣೆ ಹಚ್ಚಿ ಬೆಳೆಸಿದವಳು.

“ವೈನಿ, ನಾಳೆ ಪಾಯಾ ಮುಚ್ಚತೀನಿ,” ಎಂದ ಕಾಕಾ, ಅಂಗಿ ಹಿಂಡುತ್ತ.

“ಮುಚ್ಚು. ಮದುವಿ?”

“ಬ್ಯಾಡಂದ್ರ ಬ್ಯಾಡ. ಅವರಿಗೆ ಹೇಳಿ ಕಳಿಸ್ತೀನಿ.”

“ಯಾಕ ಬ್ಯಾಡ? ಆ ಹುಡುಗಿ ನಿನಗೇನ ಮಾಡ್ಯಾಳ? ಮೂಲೀನೂ ಉಳೀಬೇಕು, ಮದುವೀನೂ ಆಗಬೇಕು. ನಮ್ಮ ಖೋಲಿ ನಿಮಗ ಕೊಟ್ಟೆ. ನಾವು ಪಡಸಾಲ್ಯಾಗ ಇರತೀವಿ.”

ಒಳಗಿನಿಂದ ಆಯಿಯ ದನಿ ಬಂತು. ಅವಳ ಕಿವಿ ಬೇಕಾದಾಗ ಬಲು ಚುರುಕು.

“ಹಿರೇ ಸೊಸಿ ಪಡಸಾಲ್ಯಾಗ ಮಲಗಿದ್ರ ಮಂದಿ ಏನಂದಾರು?”

“ಮಂದಿ ಬಂದ್ರ ಚಾ ಕುಡದು ಹೋಗ್ತಾರ್ರಿ ಅತ್ತಿ. ಮಲಗೂದು ನಾವು,” ಎಂದಳು ಅವ್ವ.

ಈಗ ಅಪ್ಪ ಎದ್ದು ಬಂದ. ಸೋತ ಸಿಟ್ಟೆಲ್ಲ ಮುಖದಲ್ಲಿತ್ತು. “ನನ್ನ ಖೋಲಿ ಕೊಡಾಕ ನನ್ನೊಂದು ಮಾತು ಕೇಳಿದೇನು?”

“ಪಾಯಾ ತೋಡೂವಾಗ ನನ್ನ ಯಾರು ಕೇಳಿದ್ರಿ?” ಅವ್ವ ದನಿ ಏರಿಸಲಿಲ್ಲ. “ಮುಂಜಾನಿ ಮೂಲಿ ಖಾಲಿ ಐತಿ ಅಂದೆ. ರೊಟ್ಟಿ ಬಡಿ ಅಂದ್ರಿ. ಬಡದೆ. ಈಗ ನಾ ಹೇಳೂದ ಕೇಳ್ರಿ.”

ಅಪ್ಪ ತೊಟ್ಟಿಯ ಕಟ್ಟೆಯ ಮೇಲೆ ಕೂತ. ಸ್ವಲ್ಪ ಹೊತ್ತಿನ ಮೇಲೆ ಕಾಕಾನ ಕೈಯಿಂದ ಒಂದು ಅಂಗಿ ತೆಗೆದುಕೊಂಡು ತಾನೂ ಹಿಂಡಲು ಸುರುಮಾಡಿದ. ನಮ್ಮ ಮನೆಯಲ್ಲಿ ಒಪ್ಪಿಗೆ ಎನ್ನುವುದು ಹೀಗೆಯೇ ಬರುತ್ತಿತ್ತು.

ಒಪ್ಪದವಳು ನಾನೊಬ್ಬಳು. ಆ ಖೋಲಿಯ ಕಿಡಕಿಯ ಕಟ್ಟೆ ನನ್ನದಾಗಿತ್ತು. ಅಲ್ಲಿ ನನ್ನ ಪಾಟಿ, ಗಜಗದ ಚೀಲ, ಹಳೆಯ ಬಳೆಚೂರು. ನಾನು ಅತ್ತು ರಂಪ ಮಾಡಿದೆ. ಅವ್ವ ನನ್ನನ್ನು ಪಡಸಾಲೆಗೆ ಕರೆದುಕೊಂಡು ಹೋಗಿ, ಕಪ್‌ಗಳ ಹಲಗೆಯ ಕೆಳಗೆ ಇನ್ನೊಂದು ಸಣ್ಣ ಹಲಗೆ ಬಡಿದಳು. ಮೊಳೆ ಸೊಟ್ಟಗಾದರೆ ಕಲ್ಲಿನಿಂದ ನೆಟ್ಟಗೆ ಮಾಡಿ ಮತ್ತೆ ಬಡಿದಳು. “ಇದು ನಿಂದು. ಇಲ್ಲಿಂದ ನಿನ್ನ ಯಾರೂ ಸರಸಾಂಗಿಲ್ಲ,” ಎಂದಳು. ನನ್ನ ಮದುವೆಯಾಗುವವರೆಗೆ ನಾನು ಆ ಹಲಗೆಯ ಕೆಳಗೇ ಮಲಗಿದೆ. ಎದ್ದರೆ ತಲೆಗೆ ತಾಗುತ್ತಿತ್ತು, ಆಟಗಾರರು ಬಂದು ಗದ್ದಲ ಮಾಡುವಾಗಲೇ ಓದಬೇಕಾಗುತ್ತಿತ್ತು. ಇವತ್ತು ಸಾಲೆಯ ಆಫೀಸಿನಲ್ಲಿ ನನ್ನ ಮೇಜಿನ ಸುತ್ತ ಎಷ್ಟು ಜನ ನಿಂತು ಕೂಗಿದರೂ ನಾನು ಬರೆಯುವ ಸಾಲು ತಪ್ಪುವುದಿಲ್ಲ. ಆ ಹಲಗೆ ನನಗೆ ಕೊಟ್ಟದ್ದು ಅದು.

ಮರುದಿನ ಪಾಯಾ ಮುಚ್ಚುವ ಕೆಲಸ ಸುರುವಾಯಿತು. ತೋಡಿದ ಮಣ್ಣನ್ನೇ ತಿರುಗಿ ತುಂಬಿದರೆ ಸಾಕೆಂದು ಕಾಕಾ. ಸಾಲದು ಎಂದು ಅಪ್ಪ. ಎರೆಮಣ್ಣು ಮೇಲೆ ಬಂದಿದೆ, ಬೇಸಿಗೆಗೆ ಅಲ್ಲೇ ಬಿರುಕು ಬಿಡುತ್ತದೆ, ಅಲ್ಲೇ ಬಸಪ್ಪನ ಕಾಲು ಸಿಗುತ್ತದೆ. ಕರಿಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಬೀದಿಯಾಚೆ ಚೆಲ್ಲಿದರು. ಬಸಪ್ಪನ ಹೆಂಡತಿಯ ಅಣ್ಣನಿಗೆ ತಿಕೋಟಾದಲ್ಲಿ ದ್ರಾಕ್ಷಿ ತೋಟವಿತ್ತು, ಅವನು ಒಂದು ಟ್ರ್ಯಾಕ್ಟರ್ ಮಸಾರಿ ಮಣ್ಣು ಕಳಿಸಿದ. ಒಂದು ಗೇಣು ಹಾಕುವುದು, ನೀರು ಹೊಡೆಯುವುದು, ತುಳಿಯುವುದು. ಮತ್ತೆ ಒಂದು ಗೇಣು. ಮೂರು ದಿನ ಏಳು ಜನವೂ ಕೆಲಸ ಬಿಟ್ಟು ತುಳಿದರು. ಟಾಂಗಾದ ಕುದುರೆ ಓಣಿಯಲ್ಲಿ ಸುಮ್ಮನೆ ಹುಲ್ಲು ತಿನ್ನುತ್ತ ನಿಂತಿತ್ತು. ಖೋಲಿಯಲ್ಲಿ ಅವ್ವ ಟ್ರಂಕು ಹೊರಗೆ ಎಳೆದು, ಗೋಡೆಗೆ ಸುಣ್ಣ ಬಳಿದಳು. ಕನಮಡಿಯವರಿಗೆ ಹೇಳಿ ಕಳಿಸುವುದು ನಾಳೆ, ನಾಡಿದ್ದು ಎಂದು ಮುಂದೆ ಹೋಗುತ್ತಲೇ ಇತ್ತು. ಯಾರಿಗೂ ಬಾಯಿ ಬರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಕನಮಡಿಯ ಬೀಗರು ತಾವೇ ಬಂದರು, ಗೋಡೆ ಎಷ್ಟು ಎದ್ದಿವೆ ನೋಡಲಿಕ್ಕೆ. ನಾನೇ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಏಳು ಜನ ಸಾಲಾಗಿ ಕೈ ಕೈ ಹಿಡಿದು, ಮೊಣಕಾಲವರೆಗೆ ಕೆಸರು ಮಾಡಿಕೊಂಡು ತುಳಿಯುತ್ತಿದ್ದರು. ಸಾಲಿನ ಕೊನೆಯಲ್ಲಿ ಮದುಮಗ.

“ಏನ್ರಿ ಇದು? ಪಾಯಾ ಎಲ್ಲೈತಿ?”

ಕಾಕಾ ಕೆಸರಿನಲ್ಲೇ ನಿಂತು ಕೈ ಮುಗಿದ. “ಮುಚ್ಚಿದ್ವಿರಿ ಮಾಮಾರ. ಇಲ್ಲಿ ಖೋಲಿ ಆಗಾಂಗಿಲ್ಲ.”

ಬೀಗರು ತಿರುಗಿದರು. ಹೆಗಲ ಮೇಲಿನ ಟಾವೆಲ್ ಝಾಡಿಸಿ, ಚಪ್ಪಲಿ ಬಿಟ್ಟ ಕಡೆಗೆ ನಡೆದರು. ಅಪ್ಪ ಹಿಂದೆಯೇ ಓಡಿದ. ಆಯಿ ಸೆರಗು ಬಾಯಿಗೆ ಇಟ್ಟುಕೊಂಡಳು. ಅವ್ವ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. ಕೈಯಲ್ಲಿ ಸುಣ್ಣದ ಕುಂಚ ಹಾಗೇ ಇತ್ತು.

“ಹೋಗೂದಾದ್ರ ಹೋಗ್ರಿ ಯಪ್ಪಾ. ನಿಮ್ಮನ್ನ ಹಿಡಿಯೂವಷ್ಟು ದೊಡ್ಡಾಕಿ ನಾ ಅಲ್ಲ. ಆದ್ರ ಖೋಲಿ ಕೇಳಿದ್ರಿ. ಖೋಲಿ ನೋಡಿ ಹೋಗ್ರಿ.”

ಅವರು ನೋಡಿದರು. ಬಿಳಿ ಗೋಡೆ, ಗುಡಿಸಿದ ನೆಲ, ಖಾಲಿ ಗೂಟ. ಒಂದು ಮೂಲೆಯಲ್ಲಿ ಸುಣ್ಣ ಇನ್ನೂ ಹಸಿ. ಪಡಸಾಲೆಗೆ ಬಂದು, ಅಲ್ಲಿ ಒಟ್ಟಿದ್ದ ನಮ್ಮ ಟ್ರಂಕು ಹಾಸಿಗೆ ನೋಡಿದರು. ಆಮೇಲೆ ನನ್ನನ್ನು ಕೇಳಿದರು:

“ನೀ ಎಲ್ಲಿ ಮಲಗತೀ ತಂಗಿ?”

“ಇಲ್ಲೇ. ಕಪ್ಪಿನ ಕೆಳಗ. ಇದು ನನ್ನ ಹಲಗಿ,” ಎಂದೆ. ಅಳು ಬಂದಂತಾಯಿತು, ಆದರೆ ಅಳಲಿಲ್ಲ.

ಬೀಗರು ಕಂಬಕ್ಕೆ ಒರಗಿ ಕೂತರು. ಅವ್ವ ಕೊಟ್ಟ ನೀರು ಕುಡಿದರು. “ಹೊಲದಾಗ ಬದು ಒಂದ ಗೇಣ ಸರದ್ರ ನಾವು ಅಣ್ಣತಮ್ಮರು ಕಲ್ಲ ಹಿಡಕೊಂಡ ನಿಂದರತೀವಿ,” ಎಂದರು, ಯಾರಿಗೂ ಅಲ್ಲದಂತೆ. “ನೀವು ಇದ್ದ ಖೋಲೀನ ಬಿಟ್ಟಕೊಟ್ರಿ.” ಆಮೇಲೆ ಎದ್ದು, “ನಾ ಏನೂ ಹೇಳಾಂಗಿಲ್ಲ. ಇರಾಕಿ ಅಕಿ. ಹುಡುಗೀನ ಕೇಳತೀನಿ,” ಎಂದು ಹೋದರು.

ಆ ವಾರ ನಮ್ಮ ಮನೆಯಲ್ಲಿ ಯಾರೂ ಬೀದಿ ಬಾಗಿಲು ಹಾಕಲಿಲ್ಲ. ಎಂಟನೆಯ ದಿನ ಕನಮಡಿಯಿಂದ ಬಂದ ಒಬ್ಬರು ಸುದ್ದಿ ಹೇಳಿದರು: ಹುಡುಗಿ ಹೂಂ ಅಂದಾಳ. ಆದ್ರ ಖೋಲಿಯ ಕಿಡಕಿ ಸಣ್ಣದೈತಂತ, ಒಂಚೂರು ದೊಡ್ಡದ ಮಾಡಿಸ್ರಿ ಅಂತ ಹೇಳ್ಯಾಳ. ನನ್ನ ಕಟ್ಟೆ ಒಡೆದು ಕಿಡಕಿ ದೊಡ್ಡದು ಮಾಡಿಸಿದರು. ಆ ಸಲ ನಾನು ಅಳಲಿಲ್ಲ.

ಕಸ್ತೂರಿ ಕಾಕಿ ಮನೆ ತುಂಬಿದ ಮರುದಿನ ಬೆಳಗ್ಗೆ ಹಿತ್ತಲಿಗೆ ಹೋಗಿ, ಬಲಮೂಲೆಯಲ್ಲಿ ನಿಂತು, ಅವ್ವನನ್ನು ಕೇಳಿದಳು:

“ಅಕ್ಕಾ, ಇಲ್ಲೇನು ನನ್ನ ಖೋಲಿ ಆಗೂದಿತ್ತು?”

“ಇಲ್ಲೇ.”

ಕಾಕಿ ಮುಖ ಎತ್ತಿ ಬಿಸಿಲು ನೋಡಿದಳು. “ಬ್ಯಾಸಗ್ಯಾಗ ಬದನಿಕಾಯಿ ಸುಟ್ಟಂಗ ಸುಟ್ಟ ಹೋಗತಿದ್ದೆ ಬೇ. ಛಲೋ ಆತು ಬಿಡು.” ಹೇಳಿ ಕೊಡಪಾನ ತೆಗೆದುಕೊಂಡು ಅಲ್ಲೇ ನೀರು ಚಿಮುಕಿಸಿದಳು.

ನೆಲ ಮೂರು ದಿನದಲ್ಲಿ ಸರಿಯಾಯಿತು. ಬಸಪ್ಪನ ಕಾಲು ಅಷ್ಟು ಬೇಗ ಸರಿಹೋಗಲಿಲ್ಲ. ಮುಚ್ಚಿದ ಪಾಯಾದ ಮೇಲೆ ನಿಲ್ಲಲು ಅವು ಒಲ್ಲೆ ಅಂದವು. ಅಪ್ಪ ಬೈದ, ಬೇಡಿಕೊಂಡ, ಗೆರೆಗೆ ಇನ್ನಷ್ಟು ಸುಣ್ಣ ಹಾಕಿದ. ಉಪಯೋಗವಾಗಲಿಲ್ಲ. ದಾರಿ ಹುಡುಕಿದವಳು ಅವ್ವ. ಪಂದ್ಯದ ದಿನವೊಂದೇ ಅಲ್ಲ, ದಿನಾ ತಾಲೀಮು ಮುಗಿಸಿ ಇಲ್ಲೇ ಉಣ್ಣು ಎಂದು ಬಸಪ್ಪನಿಗೆ ಹೇಳಿದಳು. ಅವನ ತಾಟನ್ನು ದೀಪದ ಮಾಡದ ಕೆಳಗೆ, ಗೋಡೆಗೆ ತಾಗಿಸಿ ಇಡುವಳು. ಅವನು ಈಚೆ ಕೂತರೆ ರೊಟ್ಟಿ ಇಲ್ಲ.

“ಗ್ವಾಡಿಗೆ ಬೆನ್ನ ಹತ್ತಲಿ, ಆಮ್ಯಾಲ ನೀಡತೀನಿ.”

“ಅಕ್ಕಾರ, ಹಸ್ತೈತ್ರಿ!”

“ನನಗೇನು ಅವಸರಿಲ್ಲ.”

ಅಷ್ಟು ದೊಡ್ಡ ಆಳು ಗೊಣಗುತ್ತ ಹಿಂದೆ ಸರಿಯುವುದನ್ನು ಕಾಕಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ನೋಡುತ್ತಿದ್ದಳು. ತಿಂಗಳ ಮೇಲೆ ಎಷ್ಟೋ ದಿನಕ್ಕೆ ಒಂದು ಸಂಜೆ ಅವನು ಯಾರೂ ಹೇಳದೆ ನೇರ ಗೋಡೆಗೆ ಒರಗಿ ಕೂತ. ಅವ್ವ ಅಪ್ಪನ ಮುಖ ನೋಡಿದಳು, ಅಷ್ಟೇ. ಮರುವರ್ಷ ಬಬಲೇಶ್ವರದಲ್ಲಿ ಗೆದ್ದೆವೇ ಎಂದು ಸುಧಾ ಕೇಳುತ್ತಾಳೆ. ಇಲ್ಲ, ಕೊನೆಯ ಪಂದ್ಯದಲ್ಲಿ ಸೋತೆವು. ಆದರೆ ಮೂಲೆಯಿಂದ ಯಾರೂ ಹಾದುಹೋಗಲಿಲ್ಲ. ಆ ದಿನ ಸೋತು ಬಂದರೂ ಅಂಗಿಗಳನ್ನು ಅವ್ವನೇ ಒಗೆದಳು. ಪದ್ಧತಿ ಮುರಿದದ್ದು ಅದೊಂದೇ ಸಲ.

ಆಯಿ, ಅಪ್ಪ, ಬಸಪ್ಪ ಈಗಿಲ್ಲ. ಮಾಳಿಗೆ ಇಳಿಸಿ, ಸಿಮೆಂಟಿನ ಕಂಬ ಎಬ್ಬಿಸಿ ಸ್ಲ್ಯಾಬ್ ಹಾಕಿದ್ದೇವೆ, ಮೇಲೆ ಎರಡು ಖೋಲಿಗಳಾಗಿವೆ, ಕಾಕಾ ಕಾಕಿ ಅಲ್ಲಿರುತ್ತಾರೆ. ನಾನು ಎರಡು ಓಣಿ ಆಚೆ ಇದ್ದರೂ ಪಂದ್ಯದ ದಿನ ರೊಟ್ಟಿ ಬಡಿಯಲು ಇಲ್ಲಿಗೇ ಬರುತ್ತೇನೆ. ಹಿತ್ತಲಿಗೆ ಮ್ಯಾಟ್ ಬಂದಿದೆ. ಅದರ ಮೇಲೆ ಹುಡುಗಿಯರು ಬೂಟು ಹಾಕಿಕೊಂಡು ಆಡುತ್ತಾರೆ, ಅಂಕಣದ ಅಳತೆಯೂ ಅವರಿಗೆ ತಕ್ಕಂತೆ ಬದಲಾಗಿದೆ. ಉಣ್ಣುವ ಕ್ರಮ ಮಾತ್ರ ಅದೇ. ಮೊನ್ನೆ ತಿಕೋಟಾದ ಪಂದ್ಯಕ್ಕೆ ಹೊರಡುವ ಮುಂಜಾನೆ ಏಳು ಹುಡುಗಿಯರು ಬಾಗಿಲಿಂದ ಗೋಡೆಯವರೆಗೆ ಕೂತರು. ನಾನು ಬಡಿಯುತ್ತಿದ್ದೆ, ಸುಧಾ ನೀಡುತ್ತಿದ್ದಳು. ಅವ್ವ ಬಾಗಿಲ ಬಳಿ ಕುರ್ಚಿಯಲ್ಲಿದ್ದಳು. ಕಣ್ಣು ಮಸುಕಾಗಿ ಈಗ ಮುಖ ಗೊತ್ತು ಹಿಡಿಯುವುದಿಲ್ಲ, ಆಕಾರ ಅಷ್ಟೇ ಕಾಣುತ್ತದೆ. ಇದ್ದಕ್ಕಿದ್ದಂತೆ ಕೋಲಿನಿಂದ ನೆಲ ಕುಟ್ಟಿದಳು.

“ಮೂಲಿ ಖಾಲಿ ಐತಿ.”

ತಿರುಗಿ ನೋಡಿದೆ. ಬಲಮೂಲೆಯ ಹುಡುಗಿ ಗೋಡೆ ಬಿಟ್ಟು ಒಂದು ಮೊಳ ಈಚೆ ಕೂತಿದ್ದಳು. ದೀಪದ ಮಾಡದ ಕೆಳಗೆ, ಬಸಪ್ಪನ ಜಾಗದಲ್ಲಿ, ಗ್ಯಾಸಿನ ತುಂಬಿದ ಸಿಲಿಂಡರ್ ನಿಂತಿತ್ತು. ಜಾಗ ಇಲ್ಲವೆಂದು, ಸಂಭಾಳಿಸಿಕೊಂಡರಾಯಿತೆಂದು, ಹೋದ ತಿಂಗಳು ಅದನ್ನು ಅಲ್ಲಿಟ್ಟವಳು ನಾನೇ.

“ಇರಲಿ ಬಿಡ ದೊಡ್ಡವ್ವಾ, ಬಸ್ಸಿನ ವ್ಯಾಳೆ ಆತು,” ಎಂದಳು ಸುಧಾ.

“ಬಸ್ಸ ಇನ್ನೊಂದು ಬರತೈತಿ,” ಎಂದೆ ನಾನು, ಅವ್ವ ಬಾಯ್ತೆರೆಯುವ ಮೊದಲೇ. ಹಿಟ್ಟಿನ ಕೈಯಲ್ಲೇ ಎದ್ದು, ಸಿಲಿಂಡರನ್ನು ಬುಡದ ಮೇಲೆ ಉರುಳಿಸಿಕೊಂಡು ಹಿತ್ತಲ ಬಾಗಿಲಾಚೆ ಇಟ್ಟು ಬಂದೆ. ಹುಡುಗಿಯ ತಾಟನ್ನು ಎತ್ತಿ ಗೋಡೆಗೆ ತಾಗಿಸಿ ಇಟ್ಟೆ. ಅವಳು ಸರಿದು, ಬೆನ್ನು ಹಚ್ಚಿ ಕೂತಳು. ಆಮೇಲೆ ಒಲೆಯ ಮುಂದೆ ಬಂದು ಅವಳಿಗೆ ಬಿಸಿ ರೊಟ್ಟಿ ನೀಡಿದೆ.